ಕೆಮ್ಮಿದರೆ ಮೂತ್ರ ಜಾರುತ್ತದೆಯೇ? ರಿಂಗ್, ಪ್ಯಾಡ್, ಯಂತ್ರಗಳ ನಡುವೆ ಆಯ್ಕೆ ಮಾಡುವ ಬಗೆ

ಒಣಮೆಣಸಿನಕಾಯಿಯ ತೊಟ್ಟು ಬಿಡಿಸಲು ಕುಳಿತ ಹೆಂಗಸರ ಸಾಲಿನಲ್ಲಿ ಒಮ್ಮೆ ಕುಳಿತು ನೋಡಿ. ಘಾಟಿಗೆ ಸೀನು ಒಂದರ ಹಿಂದೊಂದು ಬರುತ್ತದೆ. ಸೀನು ಬರುವ ಮುನ್ನವೇ ಒಬ್ಬಾಕೆ ತೊಡೆ ಬಿಗಿದು ಕೂರುತ್ತಾಳೆ, ಇನ್ನೊಬ್ಬಾಕೆ ಮೇಲೇಳುವಾಗ ಸೆರಗನ್ನು ಹಿಂದಕ್ಕೆ ಎಳೆದು ಇಳಿಬಿಡುತ್ತಾಳೆ. ಬಳ್ಳಾರಿ ಹತ್ತಿರದ ನನ್ನ ತವರಿನಲ್ಲಿ ಮೂರು ವರ್ಷದ ಹಿಂದೆ ಅಂಥ ಸಾಲಿನಲ್ಲಿ ಕುಳಿತಾಗ ನನಗೆ ತಿಳಿಯಿತು: ನನಗೊಬ್ಬಳಿಗೇ ಎಂದುಕೊಂಡು ಹದಿನಾಲ್ಕು ವರ್ಷ ಮುಚ್ಚಿಟ್ಟದ್ದನ್ನು ಅಲ್ಲಿ ಅರ್ಧ ಸಾಲು ಮುಚ್ಚಿಟ್ಟುಕೊಂಡು ಕುಳಿತಿತ್ತು.

ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ಕೊಡ ಎತ್ತಿದಾಗ, ಮೆಟ್ಟಿಲು ಇಳಿಯುವಾಗ ಮೂತ್ರ ಜಾರುವುದಕ್ಕೆ ವೈದ್ಯರು ಒತ್ತಡದ ಮೂತ್ರಸೋರಿಕೆ ಎನ್ನುತ್ತಾರೆ. ಇದು ಮನಸ್ಸಿನ ಒತ್ತಡವಲ್ಲ, ಹೊಟ್ಟೆಯಿಂದ ಮೂತ್ರಕೋಶದ ಮೇಲೆ ಬೀಳುವ ಒತ್ತಡ. ಹೆರಿಗೆಯಲ್ಲಿ ಹಿಗ್ಗಿದ, ಮುಟ್ಟು ನಿಂತ ಮೇಲೆ ಸೊರಗಿದ, ಹಳೆಯ ಕೆಮ್ಮಿಗೋ ಮಲಬದ್ಧತೆಗೋ ಭಾರ ಹೊತ್ತದ್ದಕ್ಕೋ ದಣಿದ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಮೂತ್ರನಾಳಕ್ಕೆ ಆಸರೆ ಕೊಡಲಾರದೆ ಹೋಗುತ್ತವೆ. ಶಸ್ತ್ರಚಿಕಿತ್ಸೆ ಇಲ್ಲದೆ ಇದನ್ನು ನಿಭಾಯಿಸಲು ಒಂದಲ್ಲ ಹತ್ತು ಸಾಧನಗಳಿವೆ. ನಾನು ಗಂಗಾವತಿಯ ಪ್ರೌಢಶಾಲೆಯೊಂದರ ಶಿಕ್ಷಕಿ, ವೈದ್ಯೆಯಲ್ಲ. ಈ ಸಾಧನಗಳಲ್ಲಿ ಕೆಲವನ್ನು ಬಳಸಿದ್ದೇನೆ, ಉಳಿದವನ್ನು ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡಿದ್ದೇನೆ. ಯಾವುದು ಯಾರಿಗೆ ಎಂದು ನನ್ನನ್ನು ಕೇಳುವ ಅಕ್ಕತಂಗಿಯರು ಈಗ ಹೆಚ್ಚಾಗಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಮ್ಮದು ಯಾವ ಬಗೆ ಎಂದು ನೋಡಿಕೊಳ್ಳಿ. ಮೂರು ದಿನ ಒಂದು ಹಾಳೆಯಲ್ಲಿ ಬರೆದಿಡಿ: ಯಾವ ಹೊತ್ತಿಗೆ, ಏನು ಮಾಡುವಾಗ, ಎಷ್ಟು ಜಾರಿತು, ಎಷ್ಟು ನೀರು ಕುಡಿದಿರಿ. ಕೆಮ್ಮು, ಸೀನು, ಭಾರದ ಜೊತೆಗೇ ಜಾರಿದರೆ ಈ ಬರಹ ನಿಮ್ಮದು. ಆದರೆ ಇದ್ದಕ್ಕಿದ್ದಂತೆ ಅವಸರವಾಗಿ, ಬಚ್ಚಲಿನ ಚಿಲಕ ತೆಗೆಯುವಷ್ಟರಲ್ಲೇ ಆಗಿಹೋದರೆ ಅದು ಬೇರೆ ಬಗೆ. ಅದಕ್ಕೆ ಬೇರೆ ಅಭ್ಯಾಸ, ಬೇರೆ ಔಷಧಿಗಳಿವೆ. ಯೋನಿಯೊಳಗೆ ಹಾಕುವ ರಿಂಗ್ ಅದನ್ನು ನಿಲ್ಲಿಸುವುದಿಲ್ಲ. ಎರಡೂ ಕೂಡಿ ಬರುವುದೂ ಉಂಟು. ಮೂತ್ರದಲ್ಲಿ ರಕ್ತ, ಉರಿ, ಜ್ವರ, ಮೂತ್ರ ಕಟ್ಟಿಕೊಳ್ಳುವುದು, ಕಾಲು ಜೋಮು ಹಿಡಿಯುವುದು, ಅಥವಾ ಕಷ್ಟದ ಹೆರಿಗೆಯ ಇಲ್ಲವೇ ಆಪರೇಷನ್ನಿನ ನಂತರ ಹಗಲುರಾತ್ರಿ ಹನಿಯುತ್ತಲೇ ಇರುವುದು, ಇವುಗಳಲ್ಲಿ ಯಾವುದಿದ್ದರೂ ಸಾಧನದ ಮಾತು ಬದಿಗಿಟ್ಟು ನೇರವಾಗಿ ಆಸ್ಪತ್ರೆಗೆ ಹೋಗಿ.

ಇನ್ನೊಂದು ಪ್ರಶ್ನೆಯನ್ನು ಕೊಳ್ಳುವ ಮುನ್ನವೇ ಕೇಳಿಕೊಳ್ಳಬೇಕು. ನೀವು ದಿನ ಕಳೆಯುವ ಜಾಗದಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಬಚ್ಚಲು, ಕೈ ತೊಳೆಯಲು ಶುದ್ಧ ನೀರು, ಸಾಬೂನು ಇದೆಯೇ? ಕೊಳ್ಳುವ ಮುನ್ನ ಬೆಲೆಗಿಂತ, ಜಾಹೀರಾತಿಗಿಂತ ಇದು ಮುಖ್ಯ. ಕಾರಟಗಿ ಕಡೆಯ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಾಟಿ ಮಾಡುವ ಹೆಣ್ಣುಮಗಳಿಗೆ ನಡುಹಗಲಿನಲ್ಲಿ ತೆಗೆದು ತೊಳೆದು ಹಾಕಿಕೊಳ್ಳಬೇಕಾದ ವಸ್ತು ಎಷ್ಟೇ ಒಳ್ಳೆಯದಾದರೂ ಪ್ರಯೋಜನಕ್ಕೆ ಬಾರದು. ಬೆಳಗ್ಗೆ ಹಾಕಿಕೊಂಡು ಸಂಜೆಯವರೆಗೆ ಮರೆತುಬಿಡಬಹುದಾದದ್ದು ಆಕೆಗೆ ಬೇಕು.

ದುಡ್ಡಿಲ್ಲದೆ ಸಿಗುವ ಸಾಧನ

ಉಪಕರಣಗಳ ಹೋಲಿಕೆಯಲ್ಲಿ ಆ ತಳದ ಸ್ನಾಯುಗಳ ವ್ಯಾಯಾಮವನ್ನೇಕೆ ತರುತ್ತೀರಿ ಎಂದು ಕೇಳಬಹುದು. ಮಿಕ್ಕೆಲ್ಲವನ್ನೂ ಅಳೆಯುವ ಮೊಳಕೋಲು ಇದೇ. ಅಮೆರಿಕದ ಸ್ತ್ರೀರೋಗ ತಜ್ಞ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಇದರ ಬಗ್ಗೆ ಬರೆದರು. ಇಂದಿಗೂ ಜನ ಕೆಗೆಲ್ ವ್ಯಾಯಾಮ ಎಂದೇ ಕರೆಯುತ್ತಾರೆ. ಯಾವ ರೋಗಕ್ಕೆ ಯಾವ ಚಿಕಿತ್ಸೆ ಎಂದು ವೈದ್ಯರಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಹೇಳುವುದು ಇಷ್ಟು: ತಿಳಿದವರ ಉಸ್ತುವಾರಿಯಲ್ಲಿ ಕನಿಷ್ಠ ಮೂರು ತಿಂಗಳು, ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಕನಿಷ್ಠ ಎಂಟು ಬಾರಿ ಬಿಗಿಹಿಡಿದು ಬಿಡಬೇಕು.

ನಾಲ್ಕು ಜನರ ನಡುವೆ ಅಪಾನವಾಯು ಬಿಡದಂತೆ ತಡೆಹಿಡಿಯುತ್ತೇವಲ್ಲ, ಆಗ ಒಳಗೆ ಮೇಲಕ್ಕೆ ಎಳೆದುಕೊಳ್ಳುವ ಸ್ನಾಯುವೇ ಇದು. ಹೊಟ್ಟೆ, ತೊಡೆ, ಪೃಷ್ಠ ಬಿಗಿಯಬಾರದು, ಉಸಿರು ಕಟ್ಟಬಾರದು. ಬಿಗಿಹಿಡಿದಷ್ಟೇ ಹೊತ್ತು ಸಡಿಲ ಬಿಡಬೇಕು. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಬೇಡಿ. ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯುತ್ತದೆ. ನನ್ನ ಬೆಳಗಿನ ಸರದಿ ರೊಟ್ಟಿಯ ಜೊತೆಗೆ ಮುಗಿಯುತ್ತದೆ. ಹೆಂಚಿನ ಮೇಲೆ ಒಂದು ರೊಟ್ಟಿ ಹಾಕಿ, ನೀರು ಸವರಿ ತಿರುವುವಷ್ಟರಲ್ಲಿ ಒಮ್ಮೆ ಬಿಗಿಹಿಡಿದು ಬಿಡುತ್ತೇನೆ. ಎಂಟು ರೊಟ್ಟಿಗೆ ಎಂಟು.

ಇದರ ಜೊತೆ ಒಂದು ಉಪಾಯವಿದೆ. ಸೀನು ಬರುತ್ತಿದೆ ಎಂದು ಗೊತ್ತಾದ ಕ್ಷಣ, ಕೊಡ ಎತ್ತುವ ಮುನ್ನ, ಆ ಸ್ನಾಯುವನ್ನು ಒಮ್ಮೆ ಬಿಗಿಹಿಡಿಯಬೇಕು. 1998ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಣ್ಣ ಅಧ್ಯಯನದಲ್ಲಿ, ಸರಾಸರಿ 68 ವರ್ಷದ ಹೆಂಗಸರು ಇದನ್ನು ಒಂದೇ ವಾರ ಕಲಿತು ಕೆಮ್ಮಿನ ಸೋರಿಕೆಯನ್ನು ಬಹುಮಟ್ಟಿಗೆ ತಗ್ಗಿಸಿಕೊಂಡಿದ್ದರು. ಅರವತ್ತು ದಾಟಿದವರು ಇನ್ನು ನಮ್ಮದೇನು ಎಂದು ಕೈಬಿಡುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ತೂಕ ಹೆಚ್ಚಿರುವವರಿಗೆ ಇನ್ನೊಂದು ಮಾತು. 2009ರಲ್ಲಿ ಪ್ರಕಟವಾದ ಪ್ರೈಡ್ ಎಂಬ ಅಧ್ಯಯನದಲ್ಲಿ ಆರು ತಿಂಗಳಲ್ಲಿ ಮೈತೂಕದ ಶೇ 8ರಷ್ಟು ಇಳಿಸಿಕೊಂಡ ಹೆಂಗಸರ ವಾರದ ಸೋರಿಕೆ ಸುಮಾರು ಅರ್ಧಕ್ಕೆ ಇಳಿದಿತ್ತು.

ರಿಂಗ್: ನಾನು ಆರಿಸಿಕೊಂಡದ್ದು

ಗರ್ಭಕೋಶ ಜಾರಿದವರಿಗೆ ರಿಂಗ್ ಹಾಕುವುದು ನಮ್ಮ ಕಡೆ ಹಳೆಯ ಮಾತು. ವೈದ್ಯರು ಇದನ್ನು ಪೆಸ್ಸರಿ ಎನ್ನುತ್ತಾರೆ. ಮೂತ್ರ ಜಾರುವುದಕ್ಕೂ ರಿಂಗ್ ಇದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ, ನನಗೂ ತಿಳಿದಿರಲಿಲ್ಲ. ಎರಡೂ ಒಂದೇ ಅಲ್ಲ. ಮೂತ್ರಕ್ಕಾಗಿ ಹಾಕುವ ರಿಂಗಿನ ಒಂದು ಕಡೆ ಬೆರಳ ತುದಿಯಷ್ಟು ಗುಬುಟು ಇರುತ್ತದೆ. ಯೋನಿಯೊಳಗೆ ಅದು ಮುಂದಿನ ಎಲುಬಿನ ಹಿಂದೆ, ಮೂತ್ರನಾಳದ ಕೆಳಗೆ ಕೂರುತ್ತದೆ. ಕೆಮ್ಮಿದಾಗ ಕೆಳಗೆ ಜಗ್ಗುವ ನಾಳ ಆ ಗುಬುಟಿನ ಮೇಲೆ ಒತ್ತಿಕೊಂಡು ಮುಚ್ಚಿಕೊಳ್ಳುತ್ತದೆ. ಅಷ್ಟೇ ಅದರ ಕೆಲಸ. ಗುಬುಟಿಲ್ಲದ ಸಾದಾ ರಿಂಗ್ ಗರ್ಭಕೋಶಕ್ಕೆ ಆಸರೆ. ಮೂತ್ರದ ಸೋರಿಕೆಗೆ ಅದು ಅಷ್ಟಾಗಿ ಆಗುವುದಿಲ್ಲ. ಜಾರಿದ ಗರ್ಭಕೋಶವನ್ನು ರಿಂಗ್ ಮೇಲಕ್ಕೆತ್ತಿದಾಗ, ಅದುವರೆಗೆ ಮಡಚಿಕೊಂಡಿದ್ದ ಮೂತ್ರನಾಳ ನೆಟ್ಟಗಾಗಿ ಹೊಸದಾಗಿ ಸೋರಿಕೆ ಶುರುವಾಗುವುದೂ ಉಂಟು. ರಿಂಗ್ ಹಾಕಿಸಿದ ಮೇಲೆ ಹೀಗಾಯಿತು ಎಂದು ನಿಮ್ಮ ಅವ್ವನೋ ಅತ್ತೆಯೋ ಹೇಳಿದರೆ ಆ ಮಾತನ್ನು ನಂಬಿ, ವೈದ್ಯರಿಗೆ ತಿಳಿಸಿ.

ಒಳ್ಳೆಯ ಗುಣ ಮೊದಲು ಹೇಳುತ್ತೇನೆ. ಅಳತೆ ಸರಿಯಾಗಿ ಕೂತರೆ ಅಂದೇ ಫಲ ಕಾಣುತ್ತದೆ. ಸಿಲಿಕೋನಿನ ರಿಂಗ್ ತೊಳೆದು ತೊಳೆದು ವರ್ಷಗಟ್ಟಲೆ ಬಳಸಬಹುದು. ಮೂತ್ರ ಮಾಡಲು ತೆಗೆಯಬೇಕಿಲ್ಲ. ಆನೆಗೊಂದಿಯ ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಮಕ್ಕಳ ಪ್ರವಾಸದಲ್ಲಿ ರಿಂಗ್ ಹಾಕಿಕೊಂಡು ಹತ್ತಿ ಇಳಿದದ್ದು ನನಗೆ ನೆನಪಿದೆ. ಹತ್ತುವುದಕ್ಕಿಂತ ಇಳಿಯುವಾಗ ಹೆಜ್ಜೆಹೆಜ್ಜೆಗೂ ಜಾರುತ್ತಿದ್ದ ನಾನು ಅಂದು ಒಣಗಿದ ಲಂಗದಲ್ಲಿ ಕೆಳಗೆ ಬಂದು ಮರದ ನೆರಳಿನಲ್ಲಿ ಕುಳಿತು ಅತ್ತುಬಿಟ್ಟೆ.

ಇನ್ನು ತೊಡಕುಗಳು. ಅಂಗಡಿಯಿಂದ ತಂದು ನೀವೇ ಹಾಕಿಕೊಳ್ಳುವ ವಸ್ತು ಇದಲ್ಲ. ಸ್ತ್ರೀರೋಗ ತಜ್ಞೆ ಬೆರಳಿನಿಂದ ಅಳತೆ ನೋಡಿ, ಎರಡು ಮೂರು ಅಳತೆಗಳನ್ನು ಹಾಕಿ ತೆಗೆದು ನೋಡಬೇಕಾಗಬಹುದು. ನನಗೆ ಮೊದಲು ಹಾಕಿದ್ದು ಮೂರನೆಯ ದಿನ ಮಲವಿಸರ್ಜನೆಗೆ ಕುಕ್ಕುರುಗಾಲಿನಲ್ಲಿ ಕುಳಿತಾಗ ಜಾರಿ ಬಿತ್ತು. ಕುರ್ಚಿಯಂಥ ಕಮೋಡಿನ ಮೇಲೆ ಕೂರುವವರಿಗಿಂತ ನಮಗೆ ಈ ತೊಂದರೆ ಹೆಚ್ಚು. ಆದ್ದರಿಂದ ಅಳತೆ ನೋಡಿದ ದಿನ ಅಲ್ಲೇ ನಡೆದಾಡಿ, ಕೆಮ್ಮಿ, ಕುಕ್ಕುರುಗಾಲಿನಲ್ಲಿ ಕುಳಿತು ಎದ್ದು, ಒಮ್ಮೆ ಮೂತ್ರ ಮಾಡಿ, ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆಯೇ ಹೊರಡಿ. ಒಳಗೆ ಇದೆ ಎಂಬ ಅರಿವೇ ಬಾರದಿದ್ದರೆ ಅಳತೆ ಸರಿ. ಒತ್ತಿದರೆ ದೊಡ್ಡದು, ಜಾರಿದರೆ ಚಿಕ್ಕದು.

ತೆಗೆದು ಹಾಕುವುದನ್ನು ಕಲಿಸಿಕೊಡಿ ಎಂದು ಒತ್ತಾಯಿಸಿ ಕೇಳಿ. ಕಲಿತರೆ ವಾರಕ್ಕೊಮ್ಮೆಯಾದರೂ ರಾತ್ರಿ ತೆಗೆದು, ಸಾಬೂನು ನೀರಿನಲ್ಲಿ ತೊಳೆದು, ಬೆಳಗ್ಗೆ ಹಾಕಿಕೊಳ್ಳಬಹುದು; ಗಂಡಹೆಂಡಿರ ಸಂಗಕ್ಕೂ ಅಡ್ಡಿಯಾಗದು. ಕಲಿಯಲಾಗದ ವಯಸ್ಸಾದವರು ಮೂರರಿಂದ ಆರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ತೆಗೆಸಿ, ಒಳಗೆ ಹುಣ್ಣಾಗಿಲ್ಲವೆಂದು ನೋಡಿಸಿಕೊಳ್ಳಲೇಬೇಕು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಒಳಗಿಟ್ಟು ಮರೆತ ರಿಂಗ್ ವರ್ಷಗಳ ನಂತರ ಮಾಂಸದಲ್ಲಿ ಹೂತುಕೊಳ್ಳುತ್ತದೆ, ಹುಣ್ಣಾಗುತ್ತದೆ, ಮೂತ್ರಕೋಶಕ್ಕೋ ಮಲದ ಹಾದಿಗೋ ತೂತು ಬೀಳುವ ಮಟ್ಟಕ್ಕೂ ಹೋಗಬಲ್ಲದು. ಅತ್ತೆಗೆ ರಿಂಗ್ ಹಾಕಿಸಿದ್ದರೆ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು ಸೊಸೆಯ ಕೆಲಸ, ಮಗನ ಕೆಲಸವೂ ಹೌದು. ವಾಸನೆಯ ಬಿಳಿಮುಟ್ಟು, ರಕ್ತ, ನೋವು, ಮೂತ್ರ ಕಟ್ಟುವುದು ಕಂಡರೆ ಆ ದಿನಾಂಕಕ್ಕೂ ಕಾಯಬಾರದು. ಮುಟ್ಟು ನಿಂತು ಒಳಗೆ ಒಣಗಿದವರಿಗೆ ಈಸ್ಟ್ರೋಜನ್ ಕ್ರೀಮ್ ಬೇಕಾಗಬಹುದು. ಅದನ್ನು ವೈದ್ಯರೇ ಬರೆದುಕೊಡಬೇಕು. ಸೋಂಕು ಇರುವಾಗ, ಕಾರಣ ತಿಳಿಯದ ರಕ್ತಸ್ರಾವ ಇರುವಾಗ ರಿಂಗ್ ಹಾಕಿಸಿಕೊಳ್ಳಬಾರದು.

ವ್ಯಾಯಾಮವೋ ರಿಂಗೋ? ಇದನ್ನು ನೇರವಾಗಿ ಹೋಲಿಸಿ ನೋಡಿದ್ದಾರೆ. ಅಮೆರಿಕದಲ್ಲಿ ನಡೆದ ಅಟ್ಲಾಸ್ ಎಂಬ ಅಧ್ಯಯನ 2010ರಲ್ಲಿ ಪ್ರಕಟವಾಯಿತು. 446 ಹೆಂಗಸರು ಅದರಲ್ಲಿದ್ದರು. ಮೂರು ತಿಂಗಳಿಗೆ, ಕಾಡುವಂಥ ಸೋರಿಕೆ ಇಲ್ಲ ಎಂದವರು ರಿಂಗಿನ ಗುಂಪಿನಲ್ಲಿ ಶೇ 33, ವ್ಯಾಯಾಮ ಮತ್ತು ಅಭ್ಯಾಸ ಬದಲಾವಣೆಯ ಗುಂಪಿನಲ್ಲಿ ಶೇ 49. ಒಂದು ವರ್ಷಕ್ಕೆ ಆ ಅಂತರ ಉಳಿಯಲಿಲ್ಲ. ನಾನು ಇದರಿಂದ ತಿಳಿದುಕೊಂಡದ್ದು: ಮೂರು ತಿಂಗಳು ಬಿಡದೆ ಮಾಡುವ ಬಿಡುವು ಇದ್ದರೆ ವ್ಯಾಯಾಮದಿಂದ ಶುರುಮಾಡಿ, ನಾಳೆಯೇ ಗದ್ದೆಗೆ, ಶಾಲೆಗೆ, ಮದುವೆಮನೆಗೆ ಹೋಗಲೇಬೇಕಾದರೆ ರಿಂಗ್ ಹಾಕಿಸಿಕೊಂಡು ವ್ಯಾಯಾಮವನ್ನೂ ಮಾಡಿ.

ಪ್ಯಾಡ್ ಮತ್ತು ಬಟ್ಟೆ

ಸೋರಿಕೆಯನ್ನು ಇವು ತಡೆಯುವುದಿಲ್ಲ, ಹೀರಿಕೊಳ್ಳುತ್ತವೆ. ಆದರೂ ಬಹುಪಾಲು ಮಂದಿಯ ಮೊದಲ ಆಸರೆ ಇವೇ. ಮುಟ್ಟಿನ ಪ್ಯಾಡ್ ನಿಧಾನವಾಗಿ ಬರುವ ರಕ್ತಕ್ಕೆಂದು ಮಾಡಿದ್ದು. ಒಮ್ಮೆಲೇ ಬರುವ ಮೂತ್ರ ಅದರ ಅಂಚಿನಿಂದ ಹರಿದುಬಿಡುತ್ತದೆ, ಮೈಗೆ ಒದ್ದೆ ತಾಗುತ್ತಲೇ ಇರುತ್ತದೆ. ಮೂತ್ರಕ್ಕಾಗಿಯೇ ಮಾಡಿದ ಪ್ಯಾಡಿನಲ್ಲಿ ನೀರನ್ನು ಲೋಳೆಯಾಗಿಸಿ ಹಿಡಿದಿಡುವ ಹರಳುಗಳು ಹೆಚ್ಚಿರುತ್ತವೆ. ಆದರೆ ನಮ್ಮ ಊರಿನ ಔಷಧಿ ಅಂಗಡಿಗಳಲ್ಲಿ ಅದನ್ನು ಕೇಳಿದಾಗಲೆಲ್ಲ ದೊಡ್ಡವರ ಡೈಪರ್ ತಂದಿಟ್ಟಿದ್ದಾರೆ. ಎರಡು ಚಮಚ ಜಾರುವವರಿಗೆ ಡೈಪರ್ ಬೇಡ. ನಲವತ್ತು ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ಅದನ್ನು ಕಟ್ಟಿಕೊಂಡರೆ ತೊಡೆಸಂದು ಕೆಂಪಾಗಿ ಹುಣ್ಣಾಗುತ್ತದೆ.

ಸ್ವಲ್ಪವೇ ಜಾರುವವರಿಗೆ ಜನೌಷಧಿ ಕೇಂದ್ರದಲ್ಲಿ ಒಂದು ರೂಪಾಯಿಗೆ ಒಂದರಂತೆ 2019ರಿಂದ ಮಾರುತ್ತಿರುವ ಸುವಿಧಾ ಪ್ಯಾಡ್ ಬೇಗಬೇಗ ಬದಲಿಸಿದರೆ ಸಾಕಾಗಬಹುದು. ಮನೆಯಲ್ಲೇ ಇರುವವರಿಗೆ ಹಳೆಯ ಹತ್ತಿ ಸೀರೆಯ ನಾಲ್ಕು ಮಡಿಕೆಯ ಬಟ್ಟೆ ಇನ್ನೂ ಒಳ್ಳೆಯದು ಎಂಬುದು ನನ್ನ ಅನುಭವ. ಸಾಬೂನಿನಲ್ಲಿ ಒಗೆದು ನೇರ ಬಿಸಿಲಿಗೆ ಹರವಬೇಕು. ನಾಚಿಕೆಯಿಂದ ಸೀರೆಯ ಕೆಳಗೆ, ಮಂಚದ ಕೆಳಗೆ ಒಣಗಿಸುವುದರಿಂದಲೇ ತುರಿಕೆ ಬರುವುದು.

ಇಲ್ಲೇ ಇನ್ನೊಂದು ಅಭ್ಯಾಸದ ಮಾತು. ಜಾರುತ್ತದೆಂದು ನೀರು ಕುಡಿಯುವುದನ್ನೇ ಬಿಡುವವರನ್ನು ಬಹಳ ಕಂಡಿದ್ದೇನೆ. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಬೆಳಗ್ಗೆ ಚಹಾ ಬಿಟ್ಟರೆ ಮಧ್ಯಾಹ್ನದವರೆಗೆ ನೀರು ಮುಟ್ಟುವುದಿಲ್ಲ ಎಂದು ನನ್ನ ತವರಿನ ಒಬ್ಬಾಕೆ ಹೇಳಿದಳು. ಹಾಗೆ ಮಾಡಿದರೆ ಮೂತ್ರ ಗಟ್ಟಿಯಾಗಿ ಉರಿ, ಸೋಂಕು, ಕಲ್ಲಿಗೆ ದಾರಿಯಾಗುತ್ತದೆ, ಮಲಬದ್ಧತೆಯೂ ಸೇರಿ ಸೋರಿಕೆ ಹೆಚ್ಚುತ್ತದೆ. ಕಡಿಮೆ ಮಾಡುವುದಾದರೆ ಚಹಾ ಕಡಿಮೆ ಮಾಡಿ.

ಶಂಕುಗಳು, ಯಂತ್ರಗಳು, ಕುರ್ಚಿಗಳು

ಯೋನಿಯೊಳಗಿಟ್ಟು ಹಿಡಿದುಕೊಳ್ಳುವ ತೂಕದ ಶಂಕುಗಳು 1980ರ ದಶಕದಿಂದ ಇವೆ. ಸಾಮಾನ್ಯವಾಗಿ 20 ಗ್ರಾಮಿನ ಆಸುಪಾಸಿನಿಂದ ಶುರುವಾಗಿ ತೂಕ ಏರುತ್ತಾ ಹೋಗುತ್ತದೆ. ಬೀಳದಂತೆ ಹಿಡಿದು ಹದಿನೈದು ನಿಮಿಷ ಮನೆಯೊಳಗೆ ನಡೆದಾಡುವುದು ಅಭ್ಯಾಸ. ಏನೂ ಮಾಡದಿರುವುದಕ್ಕಿಂತ ಖಂಡಿತ ಮೇಲು, ವ್ಯಾಯಾಮಕ್ಕಿಂತ ಮೇಲೆಂದು ಯಾರೂ ತೋರಿಸಿಲ್ಲ. ಸ್ನಾಯು ತೀರ ಬಲಹೀನವಾಗಿದ್ದರೆ ಅಥವಾ ಗರ್ಭಕೋಶ ಕೆಳಗಿಳಿದಿದ್ದರೆ ಇದು ಬೇಡ. ಕೂಡುಕುಟುಂಬದ ಎರಡು ಕೋಣೆಯ ಮನೆಯಲ್ಲಿ ಇದಕ್ಕೆ ಮರೆ ಸಿಗುವುದೂ ಕಷ್ಟ.

ಮೊಬೈಲಿಗೆ ಜೋಡಿಸಿ, ಬಿಗಿಹಿಡಿದದ್ದನ್ನು ಪರದೆಯ ಮೇಲೆ ತೋರಿಸುವ ಬಯೋಫೀಡ್‌ಬ್ಯಾಕ್ ಸಾಧನಗಳಿಗೆ ಈಗ ಜಾಹೀರಾತು ಜೋರಾಗಿದೆ. ಬ್ರಿಟನ್ನಿನಲ್ಲಿ 600 ಹೆಂಗಸರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಓಪಲ್ ಅಧ್ಯಯನ, ಎರಡು ವರ್ಷದ ಕೊನೆಗೆ, ಚೆನ್ನಾಗಿ ಕಲಿಸಿದ ವ್ಯಾಯಾಮಕ್ಕೆ ಇದನ್ನು ಸೇರಿಸಿದರೂ ಹೆಚ್ಚಿನ ಲಾಭವಿಲ್ಲ ಎಂದು ಕಂಡುಕೊಂಡಿತು. ಆ ಹಣದಲ್ಲಿ ತಿಳಿದ ಫಿಜಿಯೋಥೆರಪಿಸ್ಟ್ ಬಳಿ ಎರಡು ಮೂರು ಬಾರಿ ಹೋಗಿಬನ್ನಿ. ಸರಿಯಾದ ಸ್ನಾಯುವನ್ನೇ ಬಿಗಿಯುತ್ತಿದ್ದೀರೋ ಇಲ್ಲವೋ ಎಂದು ಅವರು ಬೆರಳಿನಿಂದಲೇ ಹೇಳುತ್ತಾರೆ.

ಸಣ್ಣ ವಿದ್ಯುತ್ ಕೊಟ್ಟು ಸ್ನಾಯುವನ್ನು ಕುಗ್ಗಿಸುವ ಯಂತ್ರದ ಲೆಕ್ಕ ಸ್ವಲ್ಪ ಬೇರೆ. ಎಷ್ಟು ಪ್ರಯತ್ನಿಸಿದರೂ ಸ್ನಾಯು ಕದಲದೇ ಇರುವವರಿಗೆ, ತಜ್ಞರ ಸಲಹೆಯ ಮೇಲೆ, ಇದು ಮೊದಲ ಮೆಟ್ಟಿಲಾಗಬಹುದು. ಸ್ವತಃ ಬಿಗಿಹಿಡಿಯಬಲ್ಲವರಿಗೆ ಬೇಕಿಲ್ಲ. ಬಸುರಿಯರು, ಎದೆಯಲ್ಲಿ ಪೇಸ್‌ಮೇಕರ್ ಇರುವವರು ಮುಟ್ಟಲೇಬಾರದು.

ಬಟ್ಟೆ ತೊಟ್ಟೇ ಕೂರಬಹುದಾದ ಅಯಸ್ಕಾಂತದ ಕುರ್ಚಿ ದೊಡ್ಡ ಊರುಗಳ ಚಿಕಿತ್ಸಾಲಯಗಳಲ್ಲಿದೆ. ವಾರಕ್ಕೆರಡು ಸಲದಂತೆ ತಿಂಗಳುಗಟ್ಟಲೆ ಹೋಗಬೇಕು. ರಾಯಚೂರಿನಿಂದ ಹೈದರಾಬಾದಿಗೆ, ಬಳ್ಳಾರಿಯಿಂದ ಬೆಂಗಳೂರಿಗೆ ಇದಕ್ಕಾಗಿ ಓಡಾಡುವಷ್ಟು ಗಟ್ಟಿಯಾದ ಪುರಾವೆ ಅದಕ್ಕಿಲ್ಲ. ಲೇಸರ್ ಬಗ್ಗೆ ನನ್ನ ಮಾತು ಇನ್ನೂ ಖಡಾಖಂಡಿತ. ಯೋನಿಗೆ ಲೇಸರ್ ಹಾಗೂ ಅಂಥ ಶಾಖದ ಚಿಕಿತ್ಸೆಗಳನ್ನು ಮೂತ್ರಸೋರಿಕೆಗೂ ಮದ್ದೆಂದು ಮಾರುವುದರ ವಿರುದ್ಧ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2018ರ ಜುಲೈನಲ್ಲಿ ಎಚ್ಚರಿಕೆ ಕೊಟ್ಟಿತು. ಸುಟ್ಟಗಾಯ, ಕಲೆ, ಉಳಿದುಬಿಡುವ ನೋವಿನ ದೂರುಗಳು ಬಂದಿದ್ದವು. ಅದಕ್ಕಾಗಿ ಒಡವೆ ಅಡವಿಡಬೇಡಿ.

ಮುಟ್ಟಿಗೆಂದು ಮಾಡಿದ ಹತ್ತಿಯ ಸುರುಳಿಯಾದ ಟ್ಯಾಂಪೂನನ್ನು ಯೋನಿಯೊಳಗಿಟ್ಟುಕೊಂಡು ಓಡುವ, ಆಡುವ ಹೆಣ್ಣುಮಕ್ಕಳಿದ್ದಾರೆ. ಅಪರೂಪಕ್ಕೊಮ್ಮೆ, ಒಂದೆರಡು ಗಂಟೆಗೆ ಸರಿ. ಎಂಟು ಗಂಟೆ ಮೀರಿ ಇಡಬಾರದು, ದಿನನಿತ್ಯದ ಉಪಾಯವಾಗಿ ಬೇಡ.

ಗರ್ಭಕೋಶ ತೆಗೆಸುವ ಮಾತು ಬಂದರೆ

ನಾನು ಮೊದಲು ಬಾಯಿ ಬಿಟ್ಟು ಹೇಳಿದ ಚಿಕಿತ್ಸಾಲಯದಲ್ಲಿ, ಪರೀಕ್ಷಿಸುವ ಮೊದಲೇ, ಎರಡು ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ ಎಂದರು. ಕೇವಲ ಮೂತ್ರ ಜಾರುವುದಕ್ಕೆ ಅದು ಮದ್ದಲ್ಲ. ತೆಗೆಸಿದ ಮೇಲೂ ಸೋರಿಕೆ ಉಳಿಯಬಹುದು, ಮುಂದೆ ಹೆಚ್ಚಲೂಬಹುದು. ಹಾಗೆ ಹೇಳಿದರೆ ಇನ್ನೊಬ್ಬ ವೈದ್ಯರನ್ನು ಕೇಳದೆ ಸಹಿ ಹಾಕಬೇಡಿ. ರಾಯಚೂರಿನಲ್ಲಿ ರಿಮ್ಸ್ ಇದೆ, ಕೊಪ್ಪಳದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎಂದು ಕರೆಯುವ ಆಸ್ಪತ್ರೆ ಇದೆ. ಸರ್ಕಾರದವೇ ಆದ ಈ ಮೂರರಲ್ಲೂ ಸ್ತ್ರೀರೋಗ ವಿಭಾಗಗಳಿವೆ.

ನನ್ನನ್ನು ಕೇಳುವವರಿಗೆ ಈಗ ನಾನು ಹೀಗೆ ಹೇಳುತ್ತೇನೆ. ಬಾಣಂತನ ಮುಗಿಸಿದ ಹೊಸ ತಾಯಿಗೆ ವ್ಯಾಯಾಮ ಮತ್ತು ಬಟ್ಟೆ, ಬೇರೇನೂ ಬೇಡ. ಹೆರಿಗೆಯ ನಂತರದ ಸೋರಿಕೆ ತಿಂಗಳುಗಳಲ್ಲಿ ತಾನಾಗಿ ಇಳಿಯುವುದೂ ಉಂಟು. ನಾಟಿ, ಕಳೆ, ಹತ್ತಿ ಬಿಡಿಸುವುದು, ಉದ್ಯೋಗ ಖಾತ್ರಿಯ ಮಣ್ಣು ಹೊರುವುದು ಇರುವವರಿಗೆ ಗುಬುಟಿನ ರಿಂಗ್, ಜೊತೆಗೆ ಬಿಗಿಹಿಡಿದು ಎತ್ತುವ ಉಪಾಯ. ಹೊಲಿಗೆ ಯಂತ್ರದ ಮುಂದೆ ಕೂರುವವರಿಗೆ ವ್ಯಾಯಾಮ ಮತ್ತು ತೆಳು ಪ್ಯಾಡ್. ಕುಳಿತಲ್ಲೇ ಮಾಡಬಹುದು, ಯಾರಿಗೂ ಕಾಣದು. ವಯಸ್ಸಾದ ಅವ್ವನಿಗೆ, ಗರ್ಭಕೋಶವೂ ಜಾರಿದ್ದರೆ, ರಿಂಗ್ ಸರಿ, ಆದರೆ ತಪ್ಪದೆ ಕರೆದುಕೊಂಡು ಹೋಗುವವರು ಮನೆಯಲ್ಲಿ ಇದ್ದರೆ ಮಾತ್ರ.

ರಿಂಗಿಗೆಂದು ಹೋಗುವ ಮುನ್ನ, ಗುಬುಟಿರುವ ಸಿಲಿಕೋನಿನ ರಿಂಗ್ ಅವರಲ್ಲಿದೆಯೇ, ಇಲ್ಲದಿದ್ದರೆ ತರಿಸಿಕೊಡುತ್ತಾರೆಯೇ ಎಂದು ವಿಚಾರಿಸಿಕೊಳ್ಳಿ. ಮೂರು ದಿನದ ಹಾಳೆಯನ್ನು ಜೊತೆಗೆ ಒಯ್ಯಿರಿ. ಮನೆಯಿಂದ ಹೊರಡುವಾಗ ನೀರು ಕುಡಿದೇ ಹೊರಡಿ, ಸರದಿ ಬರುವ ಮೊದಲು ಮೂತ್ರಕ್ಕೆ ಹೋಗಬೇಡಿ. ತುಂಬಿದ ಮೂತ್ರಕೋಶದಲ್ಲಿ ಕೆಮ್ಮಿಸಿ ನೋಡಿದರೆ ಅವರಿಗೆ ಅಲ್ಲೇ ಗೊತ್ತಾಗುತ್ತದೆ. ಒಳಗೆ ಹೋದ ಮೇಲೆ ಹೊಟ್ಟೆನೋವು, ನಿಶ್ಶಕ್ತಿ ಎಂದು ಸುತ್ತಿ ಬಳಸಿ ಶುರುಮಾಡಬೇಡಿ. "ಕೆಮ್ಮಿದರೆ ಮೂತ್ರ ಜಾರುತ್ತದೆ, ಆಪರೇಷನ್ ಇಲ್ಲದೆ ಏನು ಮಾಡಬಹುದು?" ಎಂದು ಅದೇ ಮಾತಿನಲ್ಲಿ ಕೇಳಿ. ಆ ಒಂದು ವಾಕ್ಯ ಬಾಯಿಗೆ ಬರಲು ನನಗೆ ಹದಿನಾಲ್ಕು ವರ್ಷ ಹಿಡಿಯಿತು.